ಚೀಟಿ ಹರಿದ ಗಾಳಿಪಟಕ್ಕೆ ಟೇಪು ಹಿಡಿದಾಗ

ದೊಡ್ಡಬಳ್ಳಾಪುರದಲ್ಲಿ ಆಷಾಢದ ಗಾಳಿಗೆ ಪಟ ಬಿಡುವವರಿಗೆ ಅಳತೆಯ ಚಿಂತೆ ಅಷ್ಟಾಗಿ ಇರುವುದಿಲ್ಲ. ಪಟ ತಾವೇ ಕಟ್ಟಿದ್ದು. ಕಡ್ಡಿ ಎಷ್ಟುದ್ದ, ಹಾಳೆ ಎಷ್ಟಗಲ ಎಂಬುದು ಕೈಗೇ ಗೊತ್ತಿರುತ್ತದೆ. ಪವರ್ ಕೈಟ್ ಕಥೆ ಬೇರೆ. ಮೂರು ಗಾಲಿಯ ಬಗ್ಗಿಯಲ್ಲಿ ಕುಳಿತವರನ್ನೋ, ಸಮುದ್ರದಲ್ಲಿ ಹಲಗೆಯ ಮೇಲೆ ನಿಂತವರನ್ನೋ ಎಳೆದೊಯ್ಯುವ ಈ ಪಟ ಮಾರಾಟವಾಗುವುದೇ ಚದರ ಮೀಟರ್ ಲೆಕ್ಕದಲ್ಲಿ. ಕಲಿಯುವವರಿಗೆ 2–3 ಚದರ ಮೀಟರ್ ಸಾಕು. ಕಡಲಲ್ಲಿ ಆಡುವವರು 9, 12 ಎಂದು ಹೋಗುತ್ತಾರೆ. ಸೆಕೆಂಡ್ ಹ್ಯಾಂಡ್ ಪಟ ಕೈಗೆ ಬರುವಾಗ ಎಷ್ಟೋ ಸಲ ಚೀಟಿ ಹರಿದಿರುತ್ತದೆ, ಚೀಲ ಬೇರೆ ಯಾವುದೋ ಪಟದ್ದಾಗಿರುತ್ತದೆ. ಮಾರುವವರ ಬಾಯಿಮಾತೇ ಅಳತೆ.

ಬಟ್ಟೆಯ ಮೇಲೆ ಅಂಕಿ ಅಚ್ಚಾಗಿದ್ದರೂ ಸಂಶಯ ತೀರುವುದಿಲ್ಲ. ಇಂಗ್ಲೆಂಡಿನ ಫ್ಲೆಕ್ಸಿಫಾಯಿಲ್ ಕಂಪನಿಯ ಹಳೆಯ ‘ಸ್ಟ್ಯಾಕರ್ 6’, ‘ಸೂಪರ್ 10’ ಪಟಗಳನ್ನೇ ನೋಡಿ. ಆ 6 ಮತ್ತು 10 ಚದರ ಮೀಟರ್ ಅಲ್ಲ, ತುದಿಯಿಂದ ತುದಿಗೆ ಇರುವ ಅಡಿ. ಹತ್ತು ಚದರ ಮೀಟರ್ ಪಟವೆಂದು ನಂಬಿ ದುಡ್ಡು ಕೊಟ್ಟವರ ಪಾಡು ಹೇಳಬೇಕಿಲ್ಲ.

ಹಾಗಾಗಿ ಟೇಪು ಹಿಡಿಯುವುದೇ ವಾಸಿ. ಹಳಿಯಾಳ ತಾಲೂಕಿನ ತೇರಗಾಂವದಂಥ ಊರಲ್ಲಿ ಬಯಲಿಗೆ ಕೊರತೆಯಿಲ್ಲ. ಆದರೆ ಕೊಯ್ಲಾದ ಭತ್ತದ ಗದ್ದೆಯ ಕೂಳೆ ತೆಳು ರಿಪ್‌ಸ್ಟಾಪ್ ನೈಲಾನನ್ನು ಚುಚ್ಚುತ್ತದೆ. ರಾಶಿ ಒಣಗಿಸುವ ತಾಡಪತ್ರಿಯನ್ನು ಕಣದಲ್ಲಿ ಹಾಸಿ, ಅದರ ಮೇಲೆ ಪಟ ಹರವಿದರೆ ಕೆಲಸ ಸಲೀಸು. ಗಾಳಿ ಏಳುವ ಮುನ್ನ, ಬೆಳಿಗ್ಗೆಯೇ ಮುಗಿಸಬೇಕು.

ಫಾಯಿಲ್ ಜಾತಿಯ ಪಟಕ್ಕೆ ಎರಡು ಪದರ. ನಡುವಿನ ಕೋಣೆಗಳಿಗೆ ಗಾಳಿ ನುಗ್ಗಿ ಅದು ರೆಕ್ಕೆಯಂತೆ ಉಬ್ಬುತ್ತದೆ. 1960ರ ದಶಕದಲ್ಲಿ ಡೊಮಿನಾ ಜಾಲ್ಬರ್ಟ್ ರೂಪಿಸಿದ ಪ್ಯಾರಾಫಾಯಿಲ್ ಇದರ ಮೂಲ. ಅಳೆಯಬೇಕಾದ್ದು ಒಂದೇ ಪದರ. ಪಟವನ್ನು ನಡುವಿಗೆ ಸರಿಯಾಗಿ ಮಡಚಿದರೆ ಅರ್ಧವನ್ನಷ್ಟೇ ಅಳೆದು ಎರಡರಿಂದ ಗುಣಿಸಬಹುದು. ಬಟ್ಟೆಯನ್ನು ಜಗ್ಗಬಾರದು, ನೆರಿಗೆ ಬಿಡಿಸಿದರೆ ಸಾಕು. ಅಂಕುಡೊಂಕಾದ ಹೊಲವನ್ನು ಮೋಜಣಿದಾರರು ತುಂಡು ತುಂಡಾಗಿ ಅಳೆದು ಕೂಡಿಸುವಂತೆಯೇ ಇದೂ.

ತುದಿಯಿಂದ ತುದಿಗೆ 4 ಮೀಟರ್ ಇರುವ ಪಟವೊಂದಿದೆ ಎನ್ನಿ. ಅರ್ಧ ಮಡಚಿದಾಗ 2 ಮೀಟರ್. ನಡುವಿನಿಂದ ಶುರುಮಾಡಿ ಪ್ರತಿ ಅರ್ಧ ಮೀಟರಿಗೆ, ಮುಂದಿನ ಅಂಚಿನಿಂದ ಹಿಂದಿನ ಅಂಚಿಗೆ ಟೇಪು ಹಿಡಿದರೆ ಸಿಕ್ಕ ಅಗಲ 1.40, 1.36, 1.22, 0.95, ತುದಿಯಲ್ಲಿ 0.30 ಮೀಟರ್. ಮೊದಲ ಮತ್ತು ಕೊನೆಯ ಅಳತೆಯ ಅರ್ಧ, ನಡುವಿನವು ಪೂರ್ತಿ: ಕೂಡಿದರೆ 4.38. ಅದಕ್ಕೆ ಅರ್ಧ ಮೀಟರಿನ ಗುಣಾಕಾರ, 2.19. ಎರಡು ಪಾಲು ಸೇರಿ 4.38 ಚದರ ಮೀಟರ್. ಬರೀ ಉದ್ದ, ಅಗಲ ಗುಣಿಸಿದ್ದರೆ 5.6 ಬರುತ್ತಿತ್ತು. ಅವಸರದಲ್ಲಿದ್ದವರು ಆ 5.6ನ್ನು 0.785ರಿಂದ ಗುಣಿಸಿದರೂ ಆದೀತು. ಅದು ದೀರ್ಘವೃತ್ತದ ಲೆಕ್ಕ, ಉತ್ತರ 4.4. ತುದಿ ಚೌಕಾಕಾರವಿದ್ದರೆ ಮಾತ್ರ ಈ ಅಡ್ಡದಾರಿ ಕೈಕೊಡುತ್ತದೆ.

ದೀರ್ಘವೃತ್ತ ಕನ್ನಡನಾಡಿಗೆ ಹೊಸದೇನಲ್ಲ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 850ರ ಸುಮಾರಿಗೆ, ‘ಗಣಿತಸಾರಸಂಗ್ರಹ’ ಬರೆದ ಮಹಾವೀರಾಚಾರ್ಯ ಅದನ್ನು ಆಯತವೃತ್ತ ಎಂದು ಕರೆದು ಸೂತ್ರ ಕೊಟ್ಟಿದ್ದಾನೆ. ಅವನ ಸುತ್ತಳತೆಯ ಸೂತ್ರ ನಿಜಕ್ಕೆ ಹತ್ತಿರ ಬರುತ್ತದೆ. ವಿಸ್ತೀರ್ಣದ್ದು ಮಾತ್ರ ಹಳಿ ತಪ್ಪಿದೆ. ನಮ್ಮ ಪಟಕ್ಕೆ ಅದನ್ನು ಹಚ್ಚಿದರೆ ಬರುವುದು ಸುಮಾರು 3 ಚದರ ಮೀಟರ್. ವೃತ್ತಕ್ಕೆ ಸರಿಹೊಂದುವ ಸೂತ್ರ, ಆಕಾರ ಉದ್ದವಾಗುತ್ತ ಹೋದಂತೆ ಕೈಬಿಡುತ್ತದೆ. ಆಚಾರ್ಯನ ಹಿರಿಮೆಗೆ ಇದರಿಂದ ಕುಂದಿಲ್ಲ. ಪಟ ಹಾರಿಸುವವರ ತೋಳಿಗೆ ಇದ್ದೀತು.

ಏಕೆಂದರೆ ಎಳೆತ ವಿಸ್ತೀರ್ಣದ ಜೊತೆಗೇ ಏರುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ನಾಲ್ಕು ಪಟ್ಟು. ಗಂಟೆಗೆ 18 ಕಿ.ಮೀ. ಗಾಳಿ ಒಂದು ಚದರ ಮೀಟರಿನ ಮೇಲೆ ಹಾಕುವ ಒತ್ತಡ ಸುಮಾರು ಒಂದೂವರೆ ಕಿಲೋ ತೂಕದಷ್ಟು. ನಮ್ಮ 4.4ರ ಪಟಕ್ಕೆ ಆರೇಳು ಕಿಲೋ. ಇಷ್ಟೇನಾ ಎನ್ನಬೇಡಿ. ಪಟ ಸುಮ್ಮನೆ ನಿಲ್ಲದೆ ಗಾಳಿಗೆ ಅಡ್ಡಲಾಗಿ ನುಗ್ಗುತ್ತದೆ. ಆಗ ಅದಕ್ಕೆ ತಾಗುವ ಗಾಳಿ ಮೂರು ಪಟ್ಟಾದರೆ ಎಳೆತ ಒಂಬತ್ತು ಪಟ್ಟು, ಅಂದರೆ 60 ಕಿಲೋ. ಅಷ್ಟಕ್ಕೇ ಆಳು ಮುಗ್ಗರಿಸುವುದು ಖಂಡಿತ.

ಗಾಳಿ ತುಂಬಿದ ಕೊಳವೆಯ ಅಂಚಿರುವ ಕಡಲ ಪಟಗಳು ಇನ್ನೊಂದು ಜಾತಿ. ಫ್ರಾನ್ಸಿನ ಲೆಗೆನ್ಯೂ ಸೋದರರು 1984ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ್ದು ಇಂಥ ಪಟಕ್ಕೆ. ಪಂಪು ಹೊಡೆದರೆ ಇದು ಕಮಾನಿನಂತೆ ಬಾಗುತ್ತದೆ. ತುದಿಯಿಂದ ತುದಿಗೆ ನೇರ ಟೇಪು ಹಿಡಿದರೆ ಅಳತೆ ಕಡಿಮೆ ಬೀಳುತ್ತದೆ. ಬಟ್ಟೆಯ ಬಾಗನ್ನೇ ಅನುಸರಿಸಬೇಕು. ಕಂಪನಿಗಳು ಸಾಮಾನ್ಯವಾಗಿ ಹೇಳುವುದು ಈ ಹಾಸಿದ ಅಳತೆಯನ್ನೇ. ಆಕಾಶದಲ್ಲಿ ಕೆಲಸಕ್ಕೆ ಬರುವ ಅಳತೆ ಅದಕ್ಕಿಂತ ಕಡಿಮೆ.

ಆ ಎರಡನೆಯ ಅಳತೆಗೆ ಹಳಿಯಾಳ ಸೀಮೆಯಲ್ಲಿ ಪುಕ್ಕಟೆ ಉಪಾಯವೊಂದಿದೆ. ಇಲ್ಲಿಯ ಅಕ್ಷಾಂಶ 15 ಡಿಗ್ರಿಗಿಂತ ತುಸು ಹೆಚ್ಚು. ಹೀಗಾಗಿ ಮೇ ತಿಂಗಳ ಆರಂಭದಲ್ಲಿ, ಮಧ್ಯಾಹ್ನ 12.30ರ ಸುಮಾರಿಗೆ ಸೂರ್ಯ ನೆತ್ತಿಯ ಮೇಲಿರುತ್ತಾನೆ. ಕಂಬದ ನೆರಳೂ ಬೀಳದ ಆ ಹೊತ್ತಿನಲ್ಲಿ ಪಟವನ್ನು ಎರಡು ತುದಿಗಳ ಮೇಲೆ ಕಮಾನಿನಂತೆ ನಿಲ್ಲಿಸಿ, ಕೆಳಗೆ ಬಿದ್ದ ನೆರಳಿನ ಗಡಿಗೆ ಸುಣ್ಣದ ಪುಡಿ ಎಳೆದು ಅಳೆದರೆ ಅದೇ ಹಾರುವಾಗಿನ ವಿಸ್ತೀರ್ಣ. ಆಗಸ್ಟಿನಲ್ಲಿ ಸೂರ್ಯ ಮತ್ತೊಮ್ಮೆ ನೆತ್ತಿಗೆ ಬರುತ್ತಾನೆ, ಆದರೆ ಮಳೆಗಾಲದ ಮೋಡ ಬಿಡಬೇಕಲ್ಲ.

ಸಿಕ್ಕ ಅಂಕಿಯನ್ನು ಅಳಿಸಿಹೋಗದ ಮಾರ್ಕರಿನಲ್ಲಿ ಪಟದ ಹಿಂದಿನ ಅಂಚಿಗೇ ಬರೆದಿಡುವುದು ಒಳ್ಳೆಯದು, ಚೀಲದ ಮೇಲಲ್ಲ. ಹಾಸಿ ಅಳೆದದ್ದೋ, ನೆರಳು ಅಳೆದದ್ದೋ ಎಂಬುದೂ ಜೊತೆಗಿರಲಿ. ಬಳಿಕ ದಾರಗಳನ್ನು ಒಂದೇ ಗೂಟಕ್ಕೆ ಸಿಕ್ಕಿಸಿ ಸಮವಿದೆಯೇ ನೋಡಿ, ಮೊದಲ ಸಲ ಎಲೆಯಷ್ಟೇ ಅಲ್ಲಾಡುವ ಗಾಳಿಗೆ, ಪಂಪ್‌ಸೆಟ್ಟಿನ ವಿದ್ಯುತ್ ತಂತಿ ಹಾಯದ ಹೊಲದಲ್ಲಿ ಪಟ ಏರಿಸಬಹುದು.