ಕಾರು ತಗ್ಗಿಸುವ ಮುನ್ನ ರಸ್ತೆಯುಬ್ಬನ್ನು ಅಳೆಯಿರಿ

ಕ್ಯಾತ್ಸಂದ್ರದಿಂದ ನೆಲಮಂಗಲದ ಕಡೆಗೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ದಿನವೂ ಓಡಾಡುವ ಕಾರಿಗೆ ಅಗಲವಾದ ಚಕ್ರ, ತುಸು ತಗ್ಗಿದ ಸಸ್ಪೆನ್ಷನ್ ಬೇಕೆಂದು ಕೇಳುವ ಗ್ರಾಹಕರುಂಟು. ಹೆದ್ದಾರಿಯಲ್ಲಿ ಅದು ಸೊಗಸೇ. ತೊಡಕು ಎದುರಾಗುವುದು ಊರೊಳಗಿನ ರಸ್ತೆಯುಬ್ಬಿನಲ್ಲಿ.

2018ರ ಸ್ವಿಫ್ಟ್ ಕಾರನ್ನೇ ಗಮನಿಸೋಣ. ಆರಂಭಿಕ ದರ್ಜೆಗೆ 165/80 ಆರ್14 ಟೈರು, ಮೇಲ್ದರ್ಜೆಗೆ 185/65 ಆರ್15. ವ್ಯಾಸದ ಅಂತರ ಸುಮಾರು 2 ಮಿ.ಮೀ. ಮಾತ್ರ; ಸ್ಪೀಡೋಮೀಟರಿಗೆ ಬಾಧಕವಿಲ್ಲ. ಆದರೆ ರಿಮ್ಮಿನ ಅಗಲ 1 ಅಂಗುಲ ಹೆಚ್ಚಿ, ಆಫ್‌ಸೆಟ್ 5 ಮಿ.ಮೀ. ತಗ್ಗಿದರೆ ಹೊರ ಅಂಚು ಸುಮಾರು 18 ಮಿ.ಮೀ. ಹೊರಚಾಚುತ್ತದೆ. ಖಾಲಿ ಕಾರಿನಲ್ಲಿ ತಾಗದ ಟೈರು ಐವರು ಕುಳಿತಾಗ ಫೆಂಡರಿಗೆ ಉಜ್ಜುವುದು ಹೀಗೆ.

ಈ ಕಾರಿನ ಗ್ರೌಂಡ್ ಕ್ಲಿಯರೆನ್ಸ್ 163 ಮಿ.ಮೀ. ಮೂವತ್ತು ತಗ್ಗಿಸಿದರೆ ಉಳಿಯುವುದು 133. ಜನ ತುಂಬಿದರೆ ಇನ್ನೂ ಕಡಿಮೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದ ಉಬ್ಬು 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ. ಅದನ್ನು ದಾಟುವಾಗ ಮುಂದಿನ, ಹಿಂದಿನ ಗಾಲಿಗಳೆರಡೂ ಉಬ್ಬಿನ ಮೇಲೆಯೇ ಇರುವುದರಿಂದ ಕಾರಿನ ಹೊಟ್ಟೆಯತ್ತ ಏರುವುದು ಸುಮಾರು 44 ಮಿ.ಮೀ. ಅಷ್ಟೆ. ಮೊಳದಗಲದ, ಮನಬಂದಂತೆ ಹಾಕಿದ ಉಬ್ಬಾದರೋ ತನ್ನ ಪೂರ್ಣ ಎತ್ತರವನ್ನೇ ಕಸಿಯುತ್ತದೆ. ತಪ್ಪು ಉಬ್ಬಿನದು, ನಿಜ. ದೂರು ಬರುವುದು ಅಂಗಡಿಗೆ.

ಮೋಟಾರು ವಾಹನ ಕಾಯಿದೆಯ 52ನೇ ಕಲಮು ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾದ ಮಾರ್ಪಾಡನ್ನು ನಿಷೇಧಿಸುತ್ತದೆ. ಸರ್ವೋಚ್ಚ ನ್ಯಾಯಾಲಯ 2019ರಲ್ಲಿ ಇದನ್ನು ಸ್ಪಷ್ಟಪಡಿಸಿದೆ. ಆದಕಾರಣ ಟೈರನ್ನು ತಯಾರಕರ ಮೇಲ್ದರ್ಜೆಯ ಅಳತೆಗೇ ಸೀಮಿತಗೊಳಿಸಿ, ಸ್ಪ್ರಿಂಗನ್ನು ಮುಟ್ಟದಿರುವುದು ಉಚಿತ. ಸುರುಳಿ ಕತ್ತರಿಸುವ ಅಗ್ಗದ ಕೆಲಸವನ್ನಂತೂ ಯಾವ ಗ್ಯಾರೇಜೂ ಒಪ್ಪಬಾರದು. ಚಕ್ರ ಬದಲಿಸಿದ ಬಳಿಕ ಐವರನ್ನು ಕೂರಿಸಿ, ಸ್ಟೀರಿಂಗನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ, ಸಿದ್ಧಗಂಗೆಯವರೆಗೆ ಒಮ್ಮೆ ಹೋಗಿಬಂದ ನಂತರವೇ ಬಿಲ್ಲು ಬರೆಯುವುದು ಲೇಸು.