ಎಲ್ಲರ ಮೊಬೈಲಲ್ಲೂ ರೇಟ್ ಇದ್ದ ಮೇಲೆ ಮುಖಂಡರ ಕೆಲಸ ಏನು?

ಇವತ್ತಿನ ವಿಷಯ ಡಿಜಿಟಲ್ ಕಾಲದ ನಾಯಕತ್ವ. ಅದನ್ನ ನೋಡೋಕೆ ಐಟಿ ಕಂಪನಿಗೇ ಹೋಗಬೇಕಿಲ್ಲ. ಪಿರಿಯಾಪಟ್ಟಣ ತಾಲ್ಲೂಕಿನ ಕಂಪಲಾಪುರಕ್ಕೆ, ಅಲ್ಲಿನ ತಂಬಾಕು ಹರಾಜು ಮಾರುಕಟ್ಟೆಗೆ ಬನ್ನಿ.

ಮೊದಲು ಸ್ವಲ್ಪ ಹಿನ್ನೆಲೆ. ತಂಬಾಕು ಮಂಡಳಿ ಶುರುವಾಗಿದ್ದು 1976ರಲ್ಲಿ. ಕರ್ನಾಟಕದಲ್ಲಿ ಮಂಡಳಿಯ ಹರಾಜು ಆರಂಭವಾಗಿದ್ದು 1984ರಲ್ಲಿ. ಆಗ ಒಂದೊಂದು ಬೇಲ್ ಮುಂದೆಯೂ ನಿಂತು ಬಾಯಲ್ಲೇ ದರ ಕೂಗ್ತಿದ್ರು. ಈಗ ಇ-ಹರಾಜು. ಖರೀದಿದಾರರು ಕೈಯಲ್ಲಿರೋ ಪುಟ್ಟ ಯಂತ್ರದಲ್ಲಿ ದರ ಒತ್ತುತ್ತಾರೆ.

ಕೂಗಿನ ಕಾಲದಲ್ಲಿ, ಹುಣಸೂರಿನ ಕಟ್ಟೆಮಳಲವಾಡಿಯಲ್ಲಿ ಇವತ್ತು ಏನು ರೇಟ್ ಅಂತ ಗೊತ್ತಾಗಬೇಕಾದ್ರೆ ಓಡಾಟ ಇದ್ದವರನ್ನೇ ಕೇಳಬೇಕಿತ್ತು. ಸುದ್ದಿ ಯಾರ ಹತ್ತಿರ ಇತ್ತೋ ಅವರ ಮಾತೇ ಊರಲ್ಲಿ ನಡೀತಿತ್ತು. ಈಗ ಒಂದು ಚೀಟಿಯ ಫೋಟೊ ವಾಟ್ಸ್ಆ್ಯಪ್‌ಗೆ ಬಿದ್ರೆ ಸಾಕು, ಎಚ್.ಡಿ. ಕೋಟೆವರೆಗೂ ನಿಮಿಷದಲ್ಲಿ ತಲುಪುತ್ತೆ.

ಹಾಗಾದ್ರೆ ಮುಖಂಡರೇ ಬೇಡ್ವಾ? ಬೇಕು. ಕಾರಣ ಎರಡು.

ಒಂದು, ಗುಂಪುಗಳಲ್ಲಿ ಹೆಚ್ಚು ಓಡಾಡೋದು ಅತಿ ಹೆಚ್ಚು ದರ ಸಿಕ್ಕ ಚೀಟಿ. ಅದು ಯಾವ ದರ್ಜೆಯ ಸೊಪ್ಪು? ಅಂಥ ಬೇಲ್ ಎಷ್ಟಿದ್ವು? ಕಡಿಮೆ ದರ್ಜೆಗೆ ಎಷ್ಟು ಸಿಕ್ತು? ಯಾರೂ ಕೇಳದೆ ಎಷ್ಟು ಉಳಿದ್ವು? ಸಾಲ ತೀರೋದು ಇಡೀ ಬೆಳೆಗೆ ಸಿಗೋ ಸರಾಸರಿಯಿಂದ. ಇದನ್ನ ಲೆಕ್ಕ ಹಾಕಿ ಬಿಡಿಸಿ ಹೇಳೋರು ಬೇಕು.

ಎರಡು, ಯಂತ್ರ ದರ ತೋರಿಸುತ್ತೆ, ಪೈಪೋಟಿ ಹುಟ್ಟಿಸಲ್ಲ. ಖರೀದಿದಾರರು ಕಡಿಮೆ ಬಂದ್ರೆ ಅಂಕಿ ಏರೋದೇ ಇಲ್ಲ. ರೇಟ್ ಒಪ್ಪಿಗೆ ಆಗದಿದ್ರೆ ರೈತ ಬೇಲ್ ಕೊಡದೇ ಇರಬಹುದು. ಆದ್ರೆ ಗಾಡಿ ಬಾಡಿಗೆ, ಬ್ಯಾರನ್‌ಗೆ ತಂದ ಸೌದೆಯ ಸಾಲ ಕಾಯಲ್ಲ. ಒಬ್ಬನ ‘ಬೇಡ’ಕ್ಕೆ ಬೆಲೆ ಕಡಿಮೆ, ಎಲ್ಲರೂ ಸೇರಿ ಹೇಳಿದ್ರೆ ಮಂಡಳಿ, ಕಂಪನಿ ಎರಡೂ ಕೇಳಬೇಕಾಗುತ್ತೆ. ದರ ಕುಸಿದಾಗ ಈ ಭಾಗದ ರೈತರು ಹರಾಜು ನಿಲ್ಲಿಸಿ ಪ್ರತಿಭಟಿಸಿದ್ದೂ ಇದೆ. ಆದ್ರೆ ಎಷ್ಟು ದಿನ ನಿಲ್ಲಿಸೋದು, ಯಾವ ದರಕ್ಕೆ ಒಪ್ಪೋದು ಅನ್ನೋದನ್ನ ಫಾರ್ವರ್ಡ್ ಮೆಸೇಜ್ ತೀರ್ಮಾನ ಮಾಡಲ್ಲ. ಅದಕ್ಕೆ ಜನ ನಂಬೋ ಮನುಷ್ಯ ಎದುರಿಗೆ ಬೇಕು.

ಸುದ್ದಿ ಬಚ್ಚಿಟ್ಟುಕೊಂಡು ದೊಡ್ಡವರಾಗೋ ಕಾಲ ಮುಗೀತು. ಸ್ಮಾರ್ಟ್‌ಫೋನ್ ಇಲ್ಲದ ಪಕ್ಕದ ಹೊಲದವರಿಗೂ ಲೆಕ್ಕ ತಿಳಿಸಿ, ಮಾತುಕತೆಗೆ ಅವರನ್ನೂ ಕರ್ಕೊಂಡು ಹೋಗೋರು ಈಗಿನ ಮುಖಂಡರು. ಆ ಕೆಲಸಕ್ಕೆ ವಯಸ್ಸು, ಪಕ್ಷ, ಹುದ್ದೆ ಬೇಕಿಲ್ಲ. ಮುಂದಿನ ಸಲ ನಿಮ್ಮ ಗುಂಪಿಗೆ ಚೀಟಿ ಬಂದಾಗ ಫಾರ್ವರ್ಡ್ ಒತ್ತೋ ಮೊದಲು ಕೇಳಿ: ಸರಾಸರಿ ಎಷ್ಟು?