ಪಾನುಂಗಲ್ಲಿನಿಂದ ಹಾನಗಲ್ಲಿಗೆ: ಹಳಗನ್ನಡದ ಹೊಸ ಕಲಿಕೆಗೆ ಶಾಸನಗಳ ದಾರಿ

ಲ್ಯಾಟಿನ್ ಕಲಿಯಹೊರಟ ಇಟಲಿಯವರಿಗೂ ಪ್ರಾಚೀನ ಗ್ರೀಕ್ ಕಲಿಯಹೊರಟ ಇಂದಿನ ಗ್ರೀಕರಿಗೂ ಒಂದು ಸಮಾನ ಸಮಸ್ಯೆಯಿದೆ. ಎದುರಿಗಿರುವ ಭಾಷೆ ಅರ್ಧ ಪರಿಚಿತ. ಆ ಪರಿಚಯವೇ ಕೆಲವೊಮ್ಮೆ ದಾರಿ ತಪ್ಪಿಸುತ್ತದೆ. ಹಳಗನ್ನಡವನ್ನು ಕಲಿಯಹೊರಟ ಕನ್ನಡಿಗರ ಸ್ಥಿತಿಯೂ ಇದೇ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಪರಿಸರವನ್ನು ಆಧರಿಸಿ, ಹೊಸಬರು ಯಾವ ಕ್ರಮದಲ್ಲಿ ಮುಂದುವರಿಯಬಹುದೆಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವರಿಸುತ್ತೇವೆ.

1. ಊರ ಹೆಸರೇ ಮೊದಲ ಪಾಠ

ಶಾಸನಗಳಲ್ಲಿ ಹಾನಗಲ್ಲಿನ ಹೆಸರು ‘ಪಾನುಂಗಲ್’. ಅದು ಪಾನುಂಗಲ್ ಐನೂರು ಎಂಬ ನಾಡಿನ ಕೇಂದ್ರ. ಈ ಒಂದು ಹೆಸರಿನಲ್ಲಿ ಎರಡು ನಿಯಮಗಳು ಅಡಗಿವೆ. ಮೊದಲನೆಯದು, ಪದಾದಿಯ ಪಕಾರ ಹಕಾರವಾಗುವುದು: ಪುಲಿ–ಹುಲಿ, ಪೆಸರ್–ಹೆಸರು, ಪಳ್ಳಿ–ಹಳ್ಳಿ. ‘ಹಿರೇಕೆರೂರು’ ಎಂಬುದರ ‘ಹಿರೇ’ ಕೂಡ ಹಳೆಯ ‘ಪಿರಿಯ’ವೇ. ಸುಮಾರು 10ನೆಯ ಶತಮಾನದಿಂದ ಕಾಣತೊಡಗುವ ಈ ಬದಲಾವಣೆ 14ನೆಯ ಶತಮಾನದ ಹೊತ್ತಿಗೆ ಬಹುಮಟ್ಟಿಗೆ ಪೂರ್ಣಗೊಂಡಿತು. ಪುಣ್ಯ, ಪದ್ಮ, ಪೂಜೆ ಮೊದಲಾದ ಸಂಸ್ಕೃತ ಪದಗಳಿಗೆ ಇದು ಸಾಮಾನ್ಯವಾಗಿ ಅನ್ವಯಿಸದು; ಆದರೆ ಕನ್ನಡದಲ್ಲಿ ಬೆರೆತುಹೋದ ‘ಪಣ’ವು ‘ಹಣ’ವಾಗಿದೆ. ತುಪ್ಪ, ಅಪ್ಪ ಎಂಬಲ್ಲಿಯ ಇಮ್ಮಡಿ ಪಕಾರವೂ ಉಳಿದಿದೆ. ಎರಡನೆಯದು, ವ್ಯಂಜನಾಂತ ಪದಗಳು ಸ್ವರಾಂತವಾಗುವುದು: ಕಲ್–ಕಲ್ಲು, ಕಣ್–ಕಣ್ಣು.

2. ಕಳೆದುಹೋದ ಎರಡು ಅಕ್ಷರಗಳು

ಇಂದಿನ ವರ್ಣಮಾಲೆಯಲ್ಲಿ ಇಲ್ಲದ ಱ ಮತ್ತು ೞ ಹೊಸಬರನ್ನು ತಡೆದು ನಿಲ್ಲಿಸುತ್ತವೆ. ಇವು ಬರಿಯ ಲಿಪಿಭೇದಗಳಲ್ಲ, ಅರ್ಥಭೇದಕಗಳು. ‘ಅಱಿ’ ಎಂದರೆ ತಿಳಿ, ‘ಅರಿ’ ಎಂದರೆ ಕತ್ತರಿಸು; ‘ಬಾೞ್’ ಎಂದರೆ ಬದುಕು, ‘ಬಾಳ್’ ಎಂದರೆ ಕತ್ತಿ. ಸುಮಾರು 1260ರಲ್ಲಿ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ೞಕಾರವುಳ್ಳ ಪದಗಳನ್ನು ಪಟ್ಟಿ ಮಾಡಿಕೊಟ್ಟದ್ದು ಗಮನಾರ್ಹ. ಉಚ್ಚಾರಣೆಯಲ್ಲಿ ಸ್ಪಷ್ಟವಾಗಿ ಉಳಿದಿದ್ದರೆ ಇಂತಹ ಪಟ್ಟಿಯ ಅಗತ್ಯ ಅಷ್ಟಾಗಿ ಬೀಳುತ್ತಿರಲಿಲ್ಲ.

3. ಪರಿಚಿತ ಪದದ ಅಪರಿಚಿತ ಅರ್ಥ

ದಾನಶಾಸನಗಳ ಮಾದರಿಯಲ್ಲಿ ಅಭ್ಯಾಸಕ್ಕಾಗಿ ನಾವೇ ರಚಿಸಿದ ಒಂದು ವಾಕ್ಯವನ್ನು ನೋಡೋಣ: ‘ದೇವರ್ಗೆ ಪತ್ತು ಮತ್ತರ್ ಕೆಯ್ಯಂ ಬಿಟ್ಟರ್.’ ಮೇಲಿನ ನಿಯಮಗಳಿಂದ ‘ಪತ್ತು’ ಹತ್ತಾಗುತ್ತದೆ, ‘ಬಿಟ್ಟರ್’ ಬಿಟ್ಟರು ಆಗುತ್ತದೆ. ‘ಅಂ’ ಎಂಬುದು ಇಂದಿನ ‘ಅನ್ನು’ ಪ್ರತ್ಯಯದ ಸ್ಥಾನದಲ್ಲಿದೆ. ‘ದೇವರ್ಗೆ’ ಎಂಬುದು ‘ದೇವರಿಗೆ’. ಇಷ್ಟು ತಿಳಿದವರೂ ಇಲ್ಲಿ ಎಡವಬಹುದು. ‘ಕೆಯ್’ ಎಂಬುದನ್ನು ಕೈ ಎಂದೂ ‘ಬಿಟ್ಟರ್’ ಎಂಬುದನ್ನು ತೊರೆದರು ಎಂದೂ ಓದಿದರೆ ದಾನವು ತ್ಯಾಗವಾಗಿ ಮಾರ್ಪಡುತ್ತದೆ. ಇಲ್ಲಿ ‘ಕೆಯ್’ ಎಂದರೆ ಹೊಲ, ‘ಮತ್ತರ್’ ಭೂಮಿಯ ಅಳತೆ, ‘ಬಿಡು’ ಎಂದರೆ ದತ್ತಿ ಕೊಡು. ಅರ್ಥ: ದೇವರಿಗೆ ಹತ್ತು ಮತ್ತರು ಹೊಲವನ್ನು ದತ್ತಿಯಾಗಿ ಕೊಟ್ಟರು. ನವಾಬರ ರಾಜಧಾನಿಯಾಗಿದ್ದ ಸವಣೂರಿನ ಸೀಮೆಯಲ್ಲಿ ಇಂದು ಸಹಜವೆನಿಸುವ ಜಮೀನು, ದಾಖಲೆ ಮೊದಲಾದ ಪಾರಸಿ ಮೂಲಕ ಬಂದ ಪದಗಳನ್ನೂ ಇಲ್ಲಿ ಬದಿಗಿಡಬೇಕು.

4. ಓದಿನ ಕ್ರಮ

ದಾನಶಾಸನಗಳ ಗದ್ಯಭಾಗದಿಂದ ಆರಂಭಿಸುವುದು ಲೇಸೆಂದು ನಮ್ಮ ಅಭಿಪ್ರಾಯ. ಬಿರುದಾವಳಿ, ಕಾಲನಿರ್ದೇಶ, ದತ್ತಿಯ ವಿವರ, ಶಾಪಾಶಯ ಎಂಬ ಚೌಕಟ್ಟು ಮರಳಿ ಮರಳಿ ಬರುವುದರಿಂದ ಒಂದನ್ನು ಓದಿದವರಿಗೆ ಮುಂದಿನದು ಸುಲಭ. ಅನಂತರ ಕಥನಕ್ಕೆ ಹೋಗಬಹುದು: ಹಿರೇಕೆರೂರು ತಾಲ್ಲೂಕಿನ ಅಬಲೂರಿನ ಸೋಮೇಶ್ವರ ದೇವಾಲಯದ ಸುಮಾರು 1200ರ ಶಾಸನ ಏಕಾಂತದ ರಾಮಯ್ಯನ ವೃತ್ತಾಂತವನ್ನು ಹೇಳುತ್ತದೆ, ಫ್ಲೀಟ್ ಇದನ್ನು ಎಪಿಗ್ರಾಫಿಯಾ ಇಂಡಿಕಾದ 5ನೆಯ ಸಂಪುಟದಲ್ಲಿ ಪ್ರಕಟಿಸಿದರು. ಕೊನೆಗೆ ಕಾವ್ಯ. ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರದೊಡನೆ ಸಂಬಂಧವಿದ್ದ ಅಜಿತಸೇನಾಚಾರ್ಯರು ರನ್ನನ ಗುರುಗಳೆಂಬುದು ಈ ನಾಡಿನ ವಿದ್ಯಾಪರಂಪರೆಯನ್ನು ನೆನಪಿಸುತ್ತದೆ. ನಿಘಂಟಾಗಿ 1894ರ ಕಿಟ್ಟೆಲ್ ಕೋಶ ಜೊತೆಗಿರಲಿ.

ಕನ್ನಡಕ್ಕೆ 2008ರಲ್ಲಿ ಶಾಸ್ತ್ರೀಯ ಸ್ಥಾನಮಾನ ದೊರೆಯಿತು. ಆದರೆ ದೇವಾಲಯದ ಅಂಗಳದಲ್ಲಿ ನಿಂತ ಕಲ್ಲನ್ನು ಅದೇ ಊರಿನವರು ಓದಬಲ್ಲವರಾದಾಗಲೇ ಆ ಸ್ಥಾನಕ್ಕೆ ಅರ್ಥ. ಅದಕ್ಕೆ ಬೇಕಾದ ಮೊದಲ ಪಾಠ ಅವರ ಊರ ಹೆಸರಿನಲ್ಲಿಯೇ ಇದೆ.